ಸ್ವಿಚ್ಚಿನ ಬಳಿ ಕೂತಿದ್ದವರು

ಅಕ್ಕ ಭಾಲ್ಕಿಗೆ ಹೋಗುವ ಹಿಂದಿನ ದಿನ ನಾವಿಬ್ಬರೂ ಸೇರಿ ಮನೆಯ ಕಸ ತೆಗೆದೆವು. ಅದರಲ್ಲಿ ವಿಶೇಷವೇನೂ ಇರಲಿಲ್ಲ. ಚಳಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಬೀದರಿನ ಕಾಳಿನ ಪೇಟೆ ಗಾಂಧಿ ಗಂಜಿಗೆ ಹೊಸ ತೊಗರಿ ಬರುತ್ತಿತ್ತು. ಲಾರಿಗಳ ಹಾರ್ನು, ಹಮಾಲರ ಕೂಗು ಬೆಳಗಿನಿಂದಲೇ ಹಿತ್ತಲಿನ ಗೋಡೆ ದಾಟಿ ಕೇಳಿಸುತ್ತಿದ್ದವು. ಗಂಡಸರು ಅಂಗಡಿಗೆ ಹೋದ ಮೇಲೆ ಅಕ್ಕ ಕಿವಿ ಮುಚ್ಚುವ ಹಾಗೆ ಮಫ್ಲರ್ ಸುತ್ತಿಕೊಂಡರು. ಸೀರೆಯ ಮೇಲೆ ಭಾವನವರ ಹಳೆಯ ಸ್ವೆಟರ್ ಏರಿಸಿದರು. ಒಂದು ಸ್ಟೀಲಿನ ಲೋಟದಲ್ಲಿ ಬಿಸಿನೀರು ಹಿಡಿದು ಹಿತ್ತಲಿಗೆ ಹೋಗಿ ತಮ್ಮ ಸ್ಟೂಲಿನ ಮೇಲೆ ಕೂತರು. ನಾನು ಪಡಸಾಲೆಯಲ್ಲಿ ಉದ್ದನೆಯ ಪೈಪಿನ ತುದಿಯನ್ನು ಗೋಡೆಯ ತೂತಿಗೆ ಸಿಕ್ಕಿಸಿ ನಿಂತೆ.

“ಆನಿ ಎಬ್ಬಸ್ಲೇನ ತಂಗಿ?” ಹಿತ್ತಲಿಂದ ಅಕ್ಕನ ದನಿ.

“ಎಬ್ಬಸ್ರಿ ಅಕ್ಕಾ!” ಎಂದು ಒಳಗಿನಿಂದ ನಾನು ಕೂಗಿದೆ.

ಹೊರಗೆ ಸ್ವಿಚ್ಚು ಖಟ್ ಎಂದಿತು. ಗೋಡೆಯೊಳಗೆ ಗಾಳಿ ಓಡತೊಡಗಿತು. ನನ್ನ ಕೈಯಲ್ಲಿದ್ದ ಪೈಪು ಬಿಗಿಯಾಯಿತು. ಪಡಸಾಲೆ, ಅಡುಗೆಮನೆ, ದೇವರ ಮನೆ, ಮಹಡಿಯ ಕೋಣೆಗಳು, ಹೀಗೆ ಒಂದೊಂದಾಗಿ ಮುಗಿಸಿದೆ. ಕೊನೆಗೆ “ಮಲಗಸ್ರಿ!” ಎಂದೆ. ಗಾಳಿ ನಿಂತಿತು. ಅಕ್ಕ ಒಳಗೆ ಬಂದು, “ನಿನ್ನಿ ತೊಗರಿ ಭಾಳ ಬಂದದ ನೋಡು ಗಂಜಿಗಿ. ಇಬ್ಬರೂ ಜೇಬಿನ್ಯಾಗ ತುಂಬ್ಕೊಂಡೇ ಬಂದಾರ,” ಅಂದರು. ಇಬ್ಬರೂ ಅಂದರೆ ಭಾವನವರು ಮತ್ತು ನನ್ನ ಗಂಡ. ನಾವಿಬ್ಬರೂ ಚಹಾ ಕುಡಿದೆವು. ಅಷ್ಟೇ. ನಮ್ಮ ಮನೆಯ ಕೊನೆಯ ಸಾಧಾರಣ ದಿನ ಅದು.

ಅಕ್ಕ ನನ್ನ ಒಡಹುಟ್ಟಿದವರಲ್ಲ. ನನ್ನ ಗಂಡನ ಅಣ್ಣನ ಹೆಂಡತಿ, ನನ್ನ ನೆಗೆಣ್ಣಿ. ನನ್ನ ತವರು ಔರಾದ ತಾಲೂಕಿನ ಠಾಣಾ ಕುಶನೂರ. ನನ್ನನ್ನು ನೋಡಲು ಬಂದ ದಿನ ಉಳಿದವರೆಲ್ಲ ನನ್ನ ಮುಖ, ಎತ್ತರ, ನಡಿಗೆ ನೋಡುತ್ತಿದ್ದರೆ ಅಕ್ಕ ಮಾತ್ರ ಚಪ್ಪಲಿ ಬಿಟ್ಟು ಅಂಗಳದಲ್ಲೇ ನಿಂತಿದ್ದರು.

“ಅಂಗಳ ಯಾರು ಕಸಾ ಹೊಡದಾರ್ರಿ?” ಎಂದು ನನ್ನ ಅವ್ವನನ್ನು ಕೇಳಿದರು.

ಅವ್ವ ಗಾಬರಿಯಾದಳು. ಎಲ್ಲೋ ಕಸ ಉಳಿದಿದೆ ಅಂದುಕೊಂಡಳು. “ಹುಡುಗೀನೇ ಹೊಡದಾಳ್ರಿ. ಯಾಕ್ರಿ?”

“ಕಸಬರಿಗಿ ಗೀರು ಎಲ್ಲಾ ಒಂದೇ ಕಡಿ ಅವ. ಒಂದೂ ಅಡ್ಡ ಬಂದಿಲ್ಲ,” ಅಂದರು ಅಕ್ಕ. ಆಮೇಲೆ ಒಳಗೆ ಬಂದು ಕೂತು, ನನ್ನ ಮುಖ ನೋಡದೆ ಉಪ್ಪಿಟ್ಟು ತಿಂದರು. ಹೋಗುವಾಗ ಭಾವನವರಿಗೆ, “ನನಗ ಮುಗೀತು, ನೀವ್ ನೋಡ್ಕೋರಿ,” ಅಂದರಂತೆ. ಹೀಗೆ ನನ್ನನ್ನು ಆರಿಸಿದ್ದು ಅಕ್ಕ. ಅವರು ನೋಡಿದ್ದು ನನ್ನ ಕಸಬರಿಗೆಯ ಗೀರು.

ನಮ್ಮದು ಗಂಜಿನಲ್ಲಿ ಅಡತ್ ಅಂಗಡಿ. ರೈತರ ಮಾಲು ಇಳಿಸಿಕೊಂಡು ವ್ಯಾಪಾರಸ್ಥರಿಗೆ ಮಾರಿಸಿಕೊಡುವ ಕೆಲಸ. ಅಂಗಡಿಯ ಹಿಂದಿನ ಓಣಿಯಲ್ಲೇ ಮನೆ. ಅಲ್ಲಿ ಧೂಳು ಹೊರಗಿನಿಂದ ಬರುವ ವಸ್ತುವಲ್ಲ, ಮನೆಯಲ್ಲಿ ಇರುವವರ ಪೈಕಿ ಅದೂ ಒಂದು. ತೊಗರಿಯ ಸುಗ್ಗಿಯಲ್ಲಿ ಕೆಂಪಗಿನ ಧೂಳು, ಸೋಯಾ ಬಂದಾಗ ಬೂದು ಬಣ್ಣದ್ದು, ಮೈ ಕಡಿಯುವಂಥದ್ದು. ಗಂಡಸರ ಪೈಜಾಮದ ಮಡಿಕೆಯಲ್ಲಿ, ಜೇಬಿನ ಮೂಲೆಯಲ್ಲಿ, ಕಿವಿಯ ಸುರುಳಿಯಲ್ಲಿ ಕಾಳು, ಹೊಟ್ಟು, ಮಣ್ಣು ಮನೆಗೆ ಬರುತ್ತಿದ್ದವು. ಬೆಳಿಗ್ಗೆ ಒರೆಸಿದ ಕಪಾಟಿನ ಮೇಲೆ ಮಧ್ಯಾಹ್ನ ಬೆರಳಿನಿಂದ ಹೆಸರು ಬರೆಯಬಹುದಾಗಿತ್ತು.

ಈ ಧೂಳಿನ ಜೊತೆ ಅಕ್ಕನದು ಹಳೆಯ ಜಗಳ. ನಾನು ಮದುವೆಯಾಗಿ ಬಂದಾಗ ಬೆಳಕು ಹರಿಯುವ ಮೊದಲೇ ಅವರ ಕಸಬರಿಗೆಯ ಸಪ್ಪಳ ಕೇಳುತ್ತಿತ್ತು. ನಾವು ಏಳುವುದು ಆ ಸಪ್ಪಳಕ್ಕೆ. “ಮೊದಲ ಮನಿ ಮಾರಿ ತೊಳೀಬೇಕು, ಆಮ್ಯಾಗ ನಮ್ಮ ಮಾರಿ,” ಅನ್ನುತ್ತಿದ್ದರು. ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಒಂದೊಂದು ಕೋಣೆಯ ಮೂಲೆ ಮುಗಿಸಿ, ಹೊಸ್ತಿಲ ಮೇಲೆ ಕೂತು ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡು, ಮತ್ತೆ ಏಳುತ್ತಿದ್ದರು. ಅವರಿಗೆ ದಮ್ಮು ಇತ್ತು. ಕೆಲವು ದಿನ ಎದೆಯೊಳಗಿನ ಸೀಟಿ ಪಕ್ಕದ ಕೋಣೆಗೂ ಕೇಳುತ್ತಿತ್ತು. ಸೊಂಟದ ಬಟುವಿನಲ್ಲಿ ಅಡಿಕೆಯ ಜೊತೆ ಬಾಯಿಗೆ ಹೊಡೆದುಕೊಳ್ಳುವ ಪಂಪು ಸದಾ ಇರುತ್ತಿತ್ತು.

ಭಾವನವರಿಗೂ ಅವರಿಗೂ ಈ ವಿಷಯಕ್ಕೆ ನಡೆಯುತ್ತಿದ್ದ ಮಾತು ನನಗೆ ಬಾಯಿಪಾಠ.

“ಡಾಕ್ಟರ್ ಏನ್ ಹೇಳ್ಯಾರ, ನೆನಪದ ಏನು?”

“ಅದ್ರಿ. ಧೂಳಿನ್ಯಾಗ ಇರಬ್ಯಾಡ ಅಂದಾರ. ಅದಕ್ಕೇ ಧೂಳ ಹೊಡೀಲತೇನಿ.”

“ಮನ್ಯಾಗ ಮತ್ತ್ಯಾರೂ ಇಲ್ಲೇನು?”

“ಅದಾರ. ಖರೇ ಅವರಿಗಿ ಮೂಲಿ ಕಾಣಂಗಿಲ್ಲ.”

ನಾನು ಕಸಬರಿಗೆ ಹಿಡಿದರೆ ಸುಮ್ಮನಿರುತ್ತಿದ್ದರು. ನಾನು ಮುಗಿಸಿ ಅಡುಗೆಮನೆಗೆ ಹೋದ ಮೇಲೆ ಮೆಲ್ಲಗೆ ಮತ್ತೊಮ್ಮೆ ಹೊಡೆಯುತ್ತಿದ್ದರು. ಭಾವನವರು ಒಮ್ಮೆ ಮನೆಯ ಕಸಬರಿಗೆಗಳನ್ನೆಲ್ಲ ಅಂಗಡಿಗೆ ಒಯ್ದು ಇಟ್ಟರು. ಅಕ್ಕ ಪಕ್ಕದ ಮನೆಯಿಂದ ಕಡ ತಂದರು. ತಮಗಿಂತ ಮೊದಲು ಮನೆಯಲ್ಲಿ ಯಾರೂ ಏಳಬಾರದು, ತಾವು ಮುಟ್ಟದ ಮೂಲೆ ಇರಬಾರದು, ಇಷ್ಟೇ ಅವರ ಹಟ. ಅದು ಬಿಟ್ಟರೆ ಯಾವುದಕ್ಕೂ ಹಟ ಮಾಡಿದವರಲ್ಲ. ಹೊಸ ಸೀರೆ ಬಂದರೆ ಮೊದಲು ನೀನೇ ಆರಿಸು ಎಂದು ನನಗೆ ಅನ್ನುತ್ತಿದ್ದರು.

ಹಳೆಯ ಮನೆ ಕೆಡವಿ ಅದೇ ಜಾಗದಲ್ಲಿ ಹೊಸದು ಕಟ್ಟಿಸುವಾಗ ಭಾವನವರು ಒಂದು ದಿನ ಪರಿಚಯದವರ ಬೇಳೆ ಮಿಲ್ಲಿಗೆ ಹೋಗಿದ್ದರು. ಮಿಲ್ಲಿನಲ್ಲಿ ತೊಗರಿ ಒಡೆಯುವಾಗ ಏಳುವ ಧೂಳನ್ನು ದೊಡ್ಡ ಪೈಪುಗಳು ಎಳೆದು ಹೊರಗಿನ ಡ್ರಮ್ಮಿಗೆ ಹಾಕುತ್ತವೆ. ಅಲ್ಲಿ ನಿಂತು ನೋಡಿದ ಭಾವನವರು ಎಲ್ಲರೂ ಚಾಚಾ ಎಂದು ಕರೆಯುತ್ತಿದ್ದ ಮಿಲ್ಲಿನ ಫಿಟ್ಟರನ್ನು, “ಹಿಂಗೇ ಮನಿಗಿ ಹಾಕ್ಲಿಕ್ಕಿ ಬರಂಗಿಲ್ಲೇನು?” ಎಂದು ಕೇಳಿದರಂತೆ. ಚಾಚಾ ನಕ್ಕರಂತೆ. ಆಮೇಲೆ ವಿಚಾರಿಸಿದರೆ ಮನೆಗೆಂದೇ ಅಂಥ ಮಷೀನು ಹೈದರಾಬಾದಿನಲ್ಲಿ ಸಿಗುತ್ತದೆ ಎಂದು ತಿಳಿಯಿತು. ಮೋಟಾರು ಮತ್ತು ಕಸದ ಡಬ್ಬಿ ಹೊರಗೆ ಒಂದು ಕಡೆ ಇರುತ್ತವೆ. ಅಲ್ಲಿಂದ ಗೋಡೆಗಳ ಒಳಗೇ ಪೈಪು ಹಾಯಿಸಿ, ಕೋಣೆಗೊಂದು ಮುಚ್ಚಳವಿರುವ ತೂತು ಬಿಡಬೇಕು. ಮುಚ್ಚಳ ಎತ್ತಿ ಉದ್ದನೆಯ ಮೆದು ಪೈಪು ಸಿಕ್ಕಿಸಿ ಆಡಿಸಿದರೆ ಧೂಳು ಕೋಣೆಯಲ್ಲಿ ಏಳುವುದೇ ಇಲ್ಲ, ನೇರ ಗೋಡೆಯೊಳಗೆ ಹೋಗಿ ಹೊರಗಿನ ಡಬ್ಬಿಗೆ ಬೀಳುತ್ತದೆ.

ಭಾವನವರು ಇದನ್ನು ಊಟಕ್ಕೆ ಕೂತಾಗ ಹೇಳಿದರು. ಅಕ್ಕನಿಗಾಗಿ ಎಂದು ಬಾಯಿ ಬಿಟ್ಟು ಹೇಳಲಿಲ್ಲ. ಅಕ್ಕ ರೊಟ್ಟಿ ಬಡಿಯುತ್ತಿದ್ದರು. ಕೈ ನಿಲ್ಲಿಸಲಿಲ್ಲ.

“ನನ್ನ ಜಾಗಕ್ಕ ಮಷೀನ್ ತರ್ಲತೀರಿ,” ಅಂದರು.

“ನಿನ್ನ ಜಾಗ ಯಾರ್ ಕೇಳ್ಯಾರ? ಕೂತು ಉಣ್ಣು.”

“ಕೂತು ಉಂಡ್ರ ಮನ್ಯಾಗ ನಾ ಯಾರು?”

ಉಸಿರಿನ ಸಲುವಾಗಿ ಕಸಬರಿಗೆ ಬಿಡಬೇಕು, ಬಿಟ್ಟರೆ ಆ ಮನೆಯಲ್ಲಿ ತಮ್ಮ ಜಾಗ ಯಾವುದು ಎಂಬುದು ಅಕ್ಕನಿಗೆ ಗೊತ್ತಿರಲಿಲ್ಲ. ಚಿಕ್ಕ ವಯಸ್ಸಿನಲ್ಲಿ ಸೊಸೆಯಾಗಿ ಬಂದು ಅತ್ತೆಯ ಕೈಯಿಂದ ಅವರು ಇಸಿದುಕೊಂಡ ಮೊದಲ ವಸ್ತು ಕಸಬರಿಗೆ. ಒಬ್ಬಳೇ ಮಗಳು ಮದುವೆಯಾಗಿ ಉದಗೀರಕ್ಕೆ ಹೋಗಿದ್ದಳು. ಅಂಗಡಿಯ ವ್ಯವಹಾರ ಅವರಿಗೆ ತಿಳಿಯದು. ಅಡುಗೆಯ ಬಹುಪಾಲು ನಾನು ನೋಡಿಕೊಳ್ಳುತ್ತಿದ್ದೆ. ಉಳಿದದ್ದು ಅದೊಂದೇ.

ಕೆಲಸ ಶುರುವಾಯಿತು. ಹೈದರಾಬಾದಿನಿಂದ ಮಷೀನು ಮಾರಿದವರ ಮನುಷ್ಯ ಒಮ್ಮೆ ಬಂದು, ಮನೆ ನೋಡಿ, ನಕ್ಷೆ ಬರೆದುಕೊಟ್ಟು ಹೋದ. ಕೂಡಿಸುವ ಕೆಲಸ ಚಾಚಾ ವಹಿಸಿಕೊಂಡರು. ಎತ್ತರದ ಆಳು, ಬಿಳಿ ಟೋಪಿ, ಕಿವಿಯ ಮೇಲೆ ಯಾವಾಗಲೂ ಒಂದು ಪೆನ್ಸಿಲ್ಲು. ಅಕ್ಕನನ್ನು ಬಡೀ ಭಾಬಿ ಎಂದೂ ನನ್ನನ್ನು ಛೋಟಿ ಭಾಬಿ ಎಂದೂ ಕರೆಯುತ್ತಿದ್ದರು. ಇಟ್ಟಿಗೆಯ ಗೋಡೆಯಲ್ಲಿ ಕಾಲುವೆಯಂತೆ ಕೊರೆಸಿ ಪೈಪು ಕೂಡಿಸುವಾಗ ತಿರುವು ಬಂದಲ್ಲೆಲ್ಲ ನಿಧಾನಕ್ಕೆ ಬಾಗುವ ತುಂಡುಗಳನ್ನೇ ಹಾಕಿದರು. “ತಿರುವು ಕಡಕ್ ಆಯ್ತಂದ್ರ ಹೊಟ್ಟು ಅಲ್ಲೇ ಅಟಕಾಯ್ಸತದ್ರಿ ಭಾಬಿ. ಮಿಲ್ಲಿನ್ಯಾಗ ಇಡೀ ಜಿಂದಗಿ ಅದನ್ನೇ ಬಿಡಿಸೇನಿ,” ಅನ್ನುತ್ತಿದ್ದರು. ಮಷೀನು ಬಿಡುವ ಕೆಟ್ಟ ಗಾಳಿ ಅಕ್ಕನ ಕಡೆ ಬರಬಾರದೆಂದು ಹೊಗೆ ಕೊಳವೆಯಂತೆ ಒಂದು ಪೈಪನ್ನು ಮಾಳಿಗೆಯ ಮೇಲಕ್ಕೆ ಎತ್ತಿ ಬಿಟ್ಟರು. ಅಕ್ಕ ಅತ್ತ ಸುಳಿಯಲಿಲ್ಲ. ಚಹಾ ಕೊಡುವಾಗಲೂ ಬಾಗಿಲಲ್ಲಿ ನಿಂತು ನನ್ನ ಕೈಗೆ ಕೊಟ್ಟು ಕಳಿಸುತ್ತಿದ್ದರು.

ಗೋಡೆಗೆ ಗಿಲಾವು ಆಯಿತು, ಬಣ್ಣ ಆಯಿತು. ಗೃಹಪ್ರವೇಶ ಹತ್ತಿರ ಬಂತು. ಮಷೀನು ಚಾಲೂ ಮಾಡಿ ನೋಡಲು ಎಲ್ಲರೂ ಸೇರಿದೆವು. ಚಾಚಾ ಹಿತ್ತಲಿನ ತಗಡಿನ ಶೆಡ್ಡಿಗೆ ಹೋಗಿ ಸ್ವಿಚ್ಚು ಹಾಕಿದರು. ಒಳಗೆ ಪೈಪು ಜೋರಾಗಿ ಎಳೆಯಿತು. ಭಾವನವರ ಮುಖ ಅರಳಿತು. ಆಮೇಲೆ ಅವರೇ ಕೇಳಿದರು:

“ಸರಿ ಚಾಚಾ. ಈಗ ಒಳಗಿಂದ ಬಂದ್ ಮಾಡೂದು ಹ್ಯಾಂಗ?”

“ಒಳಗಿಂದ?” ಚಾಚಾ ಪೆನ್ಸಿಲ್ಲು ತೆಗೆದು ಮತ್ತೆ ಕಿವಿಯ ಮೇಲಿಟ್ಟುಕೊಂಡರು. “ಒಳಗಿಂದ ಯಾಕ್ರಿ ಸಾವಕಾರ? ಸ್ವಿಚ್ ಹೊರಗ ಮಷೀನ್ ಬಲ್ಲಿ ಅದಲ್ಲ.”

ನಕ್ಷೆ ತರಿಸಿ ನೋಡಿದರು. ಪ್ರತಿ ಪೈಪಿನ ಪಕ್ಕದಲ್ಲೂ ಒಂದು ಚುಕ್ಕಿ ಚುಕ್ಕಿ ಗೆರೆ ಇತ್ತು. ಅದು ವಾಯರು. ಪೈಪಿನ ಜೊತೆಯಲ್ಲೇ ಗೋಡೆಯೊಳಗೆ ವಾಯರು ಎಳೆದು ಪ್ರತಿ ತೂತಿಗೂ ಕೊಟ್ಟಿದ್ದರೆ, ಮೆದು ಪೈಪು ಸಿಕ್ಕಿಸಿದ ಕೂಡಲೇ ಮಷೀನು ತಾನಾಗಿ ಚಾಲೂ ಆಗುತ್ತಿತ್ತು. ಚಾಚಾ ಆ ಗೆರೆಯನ್ನು ನೋಡಿರಲಿಲ್ಲ ಎಂದಲ್ಲ. ಅದು ಬೇಕು ಎಂದೇ ಅವರಿಗೆ ಅನ್ನಿಸಿರಲಿಲ್ಲ. ಬೇಳೆ ಮಿಲ್ಲಿನಲ್ಲಿ ಧೂಳು ಎಳೆಯುವ ಪಂಖದ ಹತ್ತಿರ ಯಾವಾಗಲೂ ಒಬ್ಬ ಮನುಷ್ಯ ನಿಂತಿರುತ್ತಾನೆ. ಬೆಳಿಗ್ಗೆ ಅವನು ಹಾಕುತ್ತಾನೆ, ಸಂಜೆ ಅವನು ಆರಿಸುತ್ತಾನೆ. ಮಷೀನು ಅಂದರೆ ಅದರ ಪಕ್ಕದಲ್ಲಿ ಮನುಷ್ಯ ಇದ್ದೇ ಇರುತ್ತಾನೆ ಎಂಬುದು ಅವರು ಇಡೀ ಜೀವನ ಕಂಡದ್ದು.

“ಗಲತಿ ಆಯ್ತ್ರಿ ಸಾವಕಾರ,” ಎಂದು ಚಾಚಾ ಹಣೆ ಹೊಡೆದುಕೊಂಡರು.

“ಬಣ್ಣ ಹಚ್ಚಿದ ಗ್ವಾಡಿ ಒಡೀಬೇಕೇನು ಈಗ? ಮಂದಿಗಿ ಹೇಳಿ ಆಗ್ಯಾದ!” ಭಾವನವರ ದನಿ ಏರಿತು.

ಅಕ್ಕ ಅಡುಗೆಮನೆಗೆ ಹೋದರು. ಸ್ಟೂಲು ಎತ್ತಿಕೊಂಡು ಎಲ್ಲರ ಎದುರಿಗೇ ಪಡಸಾಲೆ ದಾಟಿ ಹಿತ್ತಲಿಗೆ ನಡೆದರು. ಶೆಡ್ಡಿನಲ್ಲಿ ಸ್ವಿಚ್ಚಿನ ಪಕ್ಕ ಸ್ಟೂಲು ಇಟ್ಟು, ಸೆರಗು ಸರಿಮಾಡಿಕೊಂಡು ಕೂತರು.

“ಒಡಿಯೂದು ಯಾಕ್ರಿ? ನಾ ಇದ್ದೇನಲ್ಲ,” ಅಂದರು.

ಆ ಮಾತು ಹೇಳುವಾಗ ಅವರ ಮುಖ ಹೇಗಿತ್ತು ಎಂಬುದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಕಳೆದುಹೋಗಿದ್ದ ವಸ್ತು ಸಿಕ್ಕವರ ಮುಖ.

ಅವತ್ತಿನಿಂದ ನಾನು ಒಳಗೆ, ಅಕ್ಕ ಹೊರಗೆ. ಆದರೆ ಇನ್ನೊಂದು ತೊಡಕಿತ್ತು. ನಮ್ಮ ಕಡೆ ಸೊಸೆಯರು ಗಂಡನ ಅಣ್ಣನ ಎದುರು ಗಟ್ಟಿಯಾಗಿ ಮಾತಾಡುವುದಿಲ್ಲ. ತಲೆಯ ಮೇಲೆ ಸೆರಗು, ಬೇಕಾದದ್ದನ್ನು ಇನ್ನೊಬ್ಬರ ಬಾಯಿಂದ ಹೇಳಿಸುವುದು, ಇದು ರೂಢಿ. ಆ ಮನೆಗೆ ಬಂದು ಅಷ್ಟು ವರ್ಷವಾದರೂ ನನ್ನ ದನಿ ಅಡುಗೆಮನೆಯ ಬಾಗಿಲು ದಾಟಿರಲಿಲ್ಲ. ಮೊದಲ ದಿನ ಪೈಪು ಸಿಕ್ಕಿಸಿಟ್ಟು, ಹಿತ್ತಲಿನ ಬಾಗಿಲತನಕ ನಡೆದುಹೋಗಿ, “ಹಾಕ್ರಿ ಅಕ್ಕಾ,” ಎಂದು ಮೆಲ್ಲಗೆ ಹೇಳಿದೆ.

ಅಕ್ಕ ನನ್ನನ್ನೇ ನೋಡಿದರು. “ನೀ ಇಲ್ಲೀತನಕಾ ಬರೂದಾದ್ರ ಸ್ವಿಚ್ ನೀನೇ ಹಾಕು. ನಾ ಯಾಕ ಕೂಡ್ಲಿ? ಒಳಗಿಂದ ಒದರು.”

“ಭಾವನವರು ಪಡಸಾಲ್ಯಾಗ ಪೇಪರ್ ಓದ್ಲತಾರ್ರಿ.”

“ಓದ್ಲಿ. ಅವರಿಗೂ ಗೊತ್ತಾಗ್ಲಿ ಮನ್ಯಾಗ ಇನ್ನೊಂದು ಬಾಯಿ ಅದ ಅಂತ.”

ನಾನು ಒಳಗೆ ಹೋಗಿ ಕೂಗಿದೆ. ಏನು ಕೂಗಿದೆನೋ, ಬೆಕ್ಕಿನ ಮರಿಯ ದನಿ ಬಂತು. ಹೊರಗಿಂದ, “ಕೇಳ್ಸಂಗಿಲ್ಲ! ಆನಿ ಕಿವುಡು!” ಎಂಬ ಉತ್ತರ ಬಂತು. ಮಷೀನಿಗೆ ಆನಿ ಅನ್ನುವ ಹೆಸರು ಬಿದ್ದದ್ದು ಆ ಹೊತ್ತಿಗೆ. ಒಳಗಿನ ಉದ್ದ ಪೈಪು ಸೊಂಡಿಲು, ಹೊರಗಿನ ಡಬ್ಬಿ ಹೊಟ್ಟೆ. ನಾನು ಇನ್ನೊಮ್ಮೆ ಕೂಗಿದೆ. ಭಾವನವರು ಪೇಪರಿನ ಹಿಂದೆ ಇನ್ನಷ್ಟು ಅಡಗಿದರು. ಮೂರನೆಯ ಸಲ ಹೊಟ್ಟೆಯಿಂದ ದನಿ ಎತ್ತಿ, “ಎಬ್ಬಸ್ರಿ ಅಕ್ಕಾ!” ಅಂದೆ. ಹೊಸ ಮನೆಯ ಖಾಲಿ ಗೋಡೆಗಳೆಲ್ಲ ಆ ಮಾತನ್ನು ಮತ್ತೊಮ್ಮೆ ಅಂದವು. ಸ್ವಿಚ್ಚು ಬಿತ್ತು. ಗೋಡೆ ಗುಂಯ್ ಎಂದಿತು. ಹಿತ್ತಲಲ್ಲಿ ಅಕ್ಕ ನಗುತ್ತಿದ್ದದ್ದು ಆ ಸದ್ದಿನಲ್ಲೂ ನನಗೆ ಕೇಳಿತು.

ಕೆಲವು ದಿನಗಳಲ್ಲೇ ಭಾವನವರಿಗೆ ರೂಢಿಯಾಯಿತು. ಒಂದು ಬೆಳಿಗ್ಗೆ ನಾವು ತಡ ಮಾಡಿದಾಗ, “ಇವತ್ತ ಆನಿ ಎಬ್ಬಸಂಗಿಲ್ಲೇನು?” ಎಂದು ನೇರವಾಗಿ ನನ್ನನ್ನೇ ಕೇಳಿದರು. ನಾನು ಉತ್ತರ ಕೊಟ್ಟೆ. ಅವರು ನನ್ನನ್ನು ನೇರ ಮಾತಾಡಿಸಿದ್ದು, ನಾನು ನೇರ ಉತ್ತರಿಸಿದ್ದು ಅದೇ ಮೊದಲು.

ಅಕ್ಕ ಬರೀ ಸ್ವಿಚ್ಚು ಹಾಕಿ ಕೂರುತ್ತಿರಲಿಲ್ಲ. ಡಬ್ಬಿಗೆ ಕಿವಿ ಕೊಡುತ್ತಿದ್ದರು. ಗೋಡೆಯೊಳಗಿನಿಂದ ಟಕಟಕ ಎಂದು ಓಡಿಬಂದು ಡಬ್ಬಿಗೆ ಬೀಳುವ ಕಾಳಿನ ಸಪ್ಪಳದಿಂದ ಅದು ತೊಗರಿಯೋ, ಕಡಲೆಯೋ, ಸೋಯಾವೋ ಹೇಳುತ್ತಿದ್ದರು. ಸೋಯಾ ದುಂಡಗಿನ ಸಪ್ಪಳವಂತೆ, ಕಡಲೆ ಬಡಿದಂತೆ ಬೀಳುತ್ತದಂತೆ. ಗಂಡಸರು ಊಟಕ್ಕೆ ಬಂದಾಗ, “ನಿನ್ನಿ ಕಡಲಿ ಆವಕ ಶುರು ಆಯ್ತೇನ್ರಿ?” ಎಂದು ಕೇಳಿ ಅವರನ್ನು ಬೆರಗುಗೊಳಿಸುತ್ತಿದ್ದರು. ನನ್ನ ಗಂಡ, “ವೈನಿ ಗಂಜಿಗಿ ಬರದೇ ಗಂಜ್ ನಡಸ್ತಾರ,” ಅನ್ನುತ್ತಿದ್ದರು. ಅಕ್ಕನಿಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಬೇಕಾಗಿರಲಿಲ್ಲ. ಡಬ್ಬಿ ಖಾಲಿ ಮಾಡುವ ಕೆಲಸ ಮಾತ್ರ ನನ್ನದು. ಆಗ ಅವರು ದೂರ ಬೇವಿನ ಗಿಡದ ಕೆಳಗೆ ಮೂಗು ಮುಚ್ಚಿಕೊಂಡು ನಿಂತು, “ಏನ್ ಸಿಕ್ತು? ಗುಂಡಿ ಸಿಕ್ತೇನು? ಪಿನ್ ಸಿಕ್ತೇನು?” ಎಂದು ಕೇಳುತ್ತಿದ್ದರು.

ಸಂಜೆ ದೀಪ ಹಚ್ಚಿದ ಮೇಲೆ ಕಸ ಹೊಡೆಯಬಾರದಲ್ಲ, ಲಕ್ಷ್ಮಿ ಹೋಗುತ್ತಾಳೆ ಎಂಬ ನಂಬಿಕೆ. ಒಂದು ಸಂಜೆ ಅಕ್ಕಿಹಿಟ್ಟಿನ ಡಬ್ಬಿ ಉರುಳಿ ಪಡಸಾಲೆಯೆಲ್ಲ ಬಿಳಿಯಾಯಿತು. ಮಷೀನು ಹಚ್ಚಬಹುದೋ ಬಾರದೋ ಎಂದು ನಾನು ನಿಂತೆ. ಅಕ್ಕ ಗಲ್ಲದ ಮೇಲೆ ಬೆರಳಿಟ್ಟು ಯೋಚಿಸಿದರು. “ಕಸಾ ಹೊರಗ ಚೆಲ್ಲಿದ್ರ ಲಕ್ಷ್ಮಿ ಹೋಗ್ತಾಳ. ಆನಿ ಹೊರಗ ಚೆಲ್ಲಂಗಿಲ್ಲ, ಹೊಟ್ಟ್ಯಾಗ ಇಟ್ಕೋತದ. ನಾಳಿ ಮುಂಜಾನಿ ಚೆಲ್ಲೋಣು. ಹಚ್ಚು,” ಎಂದು ತೀರ್ಪು ಕೊಟ್ಟು ಹಿತ್ತಲಿಗೆ ನಡೆದರು.

ಆದರೆ ಊರಿಗೆ ಹೋದವರ ಬೆನ್ನಿಗೆ ಕಸ ತೆಗೆಯಬಾರದು ಎಂಬ ಮಾತಿಗೆ ಮಾತ್ರ ಅವರು ಯಾವ ರಿಯಾಯಿತಿಯನ್ನೂ ಕೊಡಲಿಲ್ಲ. ಮನೆಯಿಂದ ಯಾರಾದರೂ ಹೊರಟರೆ, ಅವರು ಮುಟ್ಟಿದ ಸುದ್ದಿ ಬರುವತನಕ ಕಸಬರಿಗೆಯೂ ಇಲ್ಲ, ಆನೆಯೂ ಇಲ್ಲ. “ಹೋದವರ ಹೆಜ್ಜಿ ಅಳಸಬಾರದು,” ಅನ್ನುತ್ತಿದ್ದರು.

ಮನೆ ನೋಡಲು ಬಂದ ಹೆಂಗಸರಿಗೆಲ್ಲ ಅಕ್ಕ ಮೊದಲು ತೋರಿಸುತ್ತಿದ್ದದ್ದು ಶೆಡ್ಡು. ಒಬ್ಬರು, “ಇಷ್ಟ ದೊಡ್ಡ ಮಷೀನಿಗಿ ಒಂದ್ ಸ್ವಿಚ್ ಒಳಗ ಇಡಬಾರದಾಗಿತ್ತೇನ್ರಿ?” ಎಂದು ಕೊಂಕು ನುಡಿದರು. ಅಕ್ಕ ಸ್ವಲ್ಪವೂ ಅಳುಕದೆ, “ಹಂಗ ಇಟ್ಟಿದ್ರ ನಾ ಇಲ್ದೇನೂ ನಡೀತಿತ್ತು. ಈಗ ನಾ ಇಲ್ಲಾಂದ್ರ ನಡ್ಯಂಗಿಲ್ಲ,” ಅಂದರು.

ಒಂದು ವರ್ಷದ ಮೇಲೆ ಚಾಚಾ ತಾವಾಗಿಯೇ ಬಂದರು. ಅವರಿಗೆ ಆ ತಪ್ಪು ಮನಸ್ಸಿನಲ್ಲಿ ಕೊರೆಯುತ್ತಿತ್ತಂತೆ. ಕೈಯಲ್ಲಿ ವಾಯರಿನ ಸುರುಳಿ, ಪ್ಲಾಸ್ಟಿಕ್ಕಿನ ಪಟ್ಟಿಗಳು. “ಗ್ವಾಡಿ ಒಡಿಯೂದು ಬ್ಯಾಡ ಬಡೀ ಭಾಬಿ. ಮ್ಯಾಗಿಂದೇ ಪಟ್ಟಿ ಹೊಡದು ವಾಯರ್ ಎಳೀತೇನಿ. ನಿಮಗ ಥಂಡಿಯಾಗ ಹೊರಗ ಕೂಡೂ ತಕಲೀಫ್ ತಪ್ಪತದ.”

ಅಕ್ಕ ಅವರಿಗೆ ಚಹಾ ಕೊಟ್ಟರು, ಖಾರದ ಅವಲಕ್ಕಿ ಕೊಟ್ಟರು. ಗೋಡೆಯನ್ನು ಮೇಲಿಂದ ಕೆಳಗೆ ನೋಡಿದರು. “ಇಷ್ಟ್ ಛಲೋ ಗ್ವಾಡಿ ಮ್ಯಾಗ ಪಟ್ಟಿ ಹೊಡದ್ರ ಚಂದ ಕಾಣ್ತದೇನು ಚಾಚಾ? ಇರ್ಲಿ ಬಿಡ್ರಿ,” ಅಂದರು. ಚಾಚಾ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ವಾಯರಿನ ಸುರುಳಿಯನ್ನು ಅಕ್ಕ ಇಸಿದುಕೊಂಡು ಶೆಡ್ಡಿನ ಮೊಳೆಗೆ ನೇತುಹಾಕಿದರು. ಅದು ಅಲ್ಲೇ ಇತ್ತು.

ಕೊನೆಯ ಎರಡು ಚಳಿಗಾಲ ಅವರಿಗೆ ಕಷ್ಟವಾದವು. ಕೆಲವು ದಿನ ದನಿ ಏಳುತ್ತಿರಲಿಲ್ಲ. ಆಗ ನಾನು ಒಳಗಿಂದ ಕೂಗಿದರೆ ಅವರು ಬಿಸಿನೀರಿನ ಲೋಟದಿಂದ ಪೈಪಿಗೆ ಟಣ್ ಎಂದು ಬಡಿಯುತ್ತಿದ್ದರು. ಆ ಸಪ್ಪಳ ಗೋಡೆಯೊಳಗೇ ಹಾದು ನನ್ನ ಕೈಗೆ ಬರುತ್ತಿತ್ತು. ಇದ್ದೇನೆ, ಕೇಳಿದೆ, ಹಾಕುತ್ತೇನೆ ಎಂಬುದೆಲ್ಲ ಅದರಲ್ಲಿತ್ತು. “ಒಳಗ ನಡೀರಿ ಅಕ್ಕಾ, ನಾ ಮಾಡ್ಕೋತೇನಿ,” ಅಂದರೆ, “ಹೊರಗ ಕೂತ್ರೇನೇ ಉಸುರು ಹಗುರಾಗ್ತದ,” ಅನ್ನುತ್ತಿದ್ದರು. ಅದು ನಿಜವೂ ಇದ್ದಿರಬಹುದು. ಹೊಸ ಮನೆಗೆ ಬಂದ ಮೇಲೆ ಅವರು ಆಸ್ಪತ್ರೆಗೆ ಓಡುವುದು ಕಡಿಮೆಯಾಗಿತ್ತು. ಆಮೇಲೆ ಅವರು ಕಸಬರಿಗೆ ಹಿಡಿದದ್ದನ್ನು ನಾನು ನೋಡಲೇ ಇಲ್ಲ.

ಭಾಲ್ಕಿಯಲ್ಲಿ ಅವರ ಅಣ್ಣನ ಮಗಳ ಲಗ್ನವಿತ್ತು. ಸೋದರತ್ತೆ ಮೊದಲೇ ಬರಬೇಕು ಎಂದು ಕರೆದಿದ್ದರು. ಬೆಳಿಗ್ಗೆ ಭಾವನವರು ಬಸ್ ಸ್ಟ್ಯಾಂಡಿಗೆ ಬಿಡಲು ಹೊರಟರು. ಅಕ್ಕ ಬಟುವು ತೆಗೆದು ಪಂಪು ತೋರಿಸಿದರು, ನಾನು ಕೇಳುವ ಮೊದಲೇ. ಹೊಸ್ತಿಲು ದಾಟಿ ತಿರುಗಿ, “ಮುಟ್ಟಿದ ಮ್ಯಾಗ ಫೋನ್ ಮಾಡ್ತೇನಿ. ಅಲ್ಲೀತನಕಾ ಆನಿ ಎಬ್ಬಸಬ್ಯಾಡ,” ಅಂದರು.

ಮಧ್ಯಾಹ್ನದ ಹೊತ್ತಿಗೆ ಫೋನು ಬಂತು. ಹಿಂದೆ ಹೆಂಗಸರ ನಗು, ಪಾತ್ರೆಗಳ ಸಪ್ಪಳ.

“ಮುಟ್ದೆ ತಂಗಿ. ಈಗ ಎಬ್ಬಸು.”

“ಸ್ವಿಚ್ ಯಾರ್ ಹಾಕ್ಬೇಕ್ರಿ? ನೀವ್ ಬಂದ ಮ್ಯಾಗೇ ಎಬ್ಬಸ್ತೇನಿ.”

“ಅಲ್ಲೀತನಕಾ ಕಸಾ ಹಂಗೇ ಇಡ್ತಿ ಏನ? ನನ್ನ ಮಾನ ಕಳೀಬ್ಯಾಡ!” ಎಂದು ನಕ್ಕರು. ನಗು ಕೆಮ್ಮಾಯಿತು. ಕೆಮ್ಮಿನ ನಡುವೆಯೇ, “ಇಡ್ತೇನಿ,” ಎಂದು ಫೋನು ಇಟ್ಟರು.

ಮರುದಿನ ಅವರ ತವರಿನಲ್ಲಿ ಲಗ್ನಕ್ಕೆಂದು ಕಾಳಿನ ಕೋಣೆ ಖಾಲಿ ಮಾಡಿದ್ದಾರೆ. ವರ್ಷಗಟ್ಟಲೆ ತೆಗೆಯದ ಹಳೆಯ ಹೊಟ್ಟು, ಧೂಳು. ಬೀಗರನ್ನು ಅಲ್ಲೇ ಕೂಡಿಸಬೇಕಾಗಿತ್ತು. ಅಕ್ಕನನ್ನು ಮಂಚದ ಮೇಲೆ ಕೂಡಿಸಿ, ನೀವು ಏನೂ ಮುಟ್ಟಬೇಡಿ ಎಂದು ಹೇಳಿದ್ದರಂತೆ. ಅಕ್ಕನ ಮಣ್ಣು ಮುಗಿದ ಮೇಲೆ ಅವರ ಅತ್ತಿಗೆ ನನ್ನ ಕೈ ಹಿಡಿದುಕೊಂಡು ಹೇಳಿದರು:

“ನಾ ಬ್ಯಾಡ ಅಂದೆನವ್ವ. ಕೇಳಲಿಲ್ಲ. ಎಲ್ಲಾರೂ ಕೆಲಸ ಮಾಡ್ಲತಾರ, ನಾನೊಬ್ಬಾಕಿ ಬೀಗತಿ ಹಂಗ ಕೂಡ್ಲೇನು ಅಂದ್ರು. ನೀವ್ ಹೊಡದ್ರ ಮೂಲಿ ಉಳೀತಾವ ಅಂತ ಕಸಬರಿಗಿ ಕಸ್ಗೊಂಡ್ರು.”

ಸಂಜೆಯ ಹೊತ್ತಿಗೆ ಉಸಿರು ಕಟ್ಟಿತು. ಪಂಪಿಗೆ ಬಗ್ಗಲಿಲ್ಲ. ಭಾಲ್ಕಿಯಲ್ಲಿ ತೋರಿಸಿ ಬೀದರಿಗೆ ಕರೆತರುತ್ತಿದ್ದರು. ದಾರಿಯಲ್ಲೇ ನಿಂತುಹೋಯಿತು.

ಆ ಕೋಣೆಯ ಮೂಲೆಗಳು ಸ್ವಚ್ಛವಾಗಿದ್ದವು ಎಂದು ಅವರ ಅತ್ತಿಗೆ ಅಂದರು. ಒಂದರಲ್ಲೂ ಕಸ ಉಳಿದಿರಲಿಲ್ಲವಂತೆ. ಅದನ್ನು ಯಾಕೆ ಹೇಳಿದರೋ ಗೊತ್ತಿಲ್ಲ. ಹೇಳಲು ಬೇರೇನೂ ಇರಲಿಲ್ಲವೇನೋ.

ಮನೆಯ ತುಂಬ ಮಂದಿ ಬಂದು ಹೋದರು. ಓಣಿಯ ಹೆಂಗಸರು ಕಸಬರಿಗೆ ತಂದು ಮನೆ ಹೊಡೆದು ತೊಳೆದರು. ದಿನಕರ್ಮ ಮುಗಿದ ಮೇಲೆ ಒಂದು ಬೆಳಿಗ್ಗೆ ನಾನು ಪಡಸಾಲೆಯಲ್ಲಿ ಸೊಂಡಿಲು ಸಿಕ್ಕಿಸಿಟ್ಟು, ಹಿತ್ತಲಿಗೆ ನಡೆದುಹೋಗಿ, ಸ್ವಿಚ್ಚು ಹಾಕಿ, ಮತ್ತೆ ಒಳಗೆ ಬಂದೆ. ಮಹಡಿಯ ಕೋಣೆಗೆ ಹೋಗಬೇಕಾದಾಗ ಹಿತ್ತಲಿಗೆ ಹೋಗಿ ಆರಿಸಿದೆ, ಮೇಲೆ ಹೋಗಿ ಸಿಕ್ಕಿಸಿದೆ, ಮತ್ತೆ ಕೆಳಗಿಳಿದು ಹಾಕಿದೆ. ಸ್ಟೂಲಿನ ಮೇಲೆ ಕಣ್ಣು ಹೋಗದ ಹಾಗೆ ನೋಡಿಕೊಂಡೆ. ಭಾವನವರು ಪೇಪರು ಹಿಡಿದು ಕೂತಿದ್ದರು. ಪುಟ ತಿರುವಲಿಲ್ಲ.

“ತಂಗಿ,” ಅಂದರು. ಅಲ್ಲಿಯತನಕ ಅವರು ನನ್ನನ್ನು ಹಾಗೆ ಕರೆದಿರಲಿಲ್ಲ. ಅದು ಅಕ್ಕ ಕರೆಯುತ್ತಿದ್ದ ಹೆಸರು. “ಚಾಚಾಗ ಹೇಳ್ತೇನಿ. ವಾಯರ್ ಹಾಕ್ಸೋಣು.”

ಬೇಡ ಅನ್ನಬೇಕೆಂದು ಬಾಯಿಗೆ ಬಂತು. ಅವರ ಮುಖ ನೋಡಿ, “ಹೂಂ ರಿ,” ಅಂದೆ.

ಚಾಚಾ ಬಂದರು. ಮೊದಲು ಶೆಡ್ಡಿನ ಮುಂದೆ ನಿಂತು ಎರಡೂ ಕೈ ಎತ್ತಿ ದುಆ ಮಾಡಿದರು. ಮೊಳೆಯಿಂದ ಹಳೆಯ ಸುರುಳಿಯನ್ನು ಇಳಿಸಿ, ಧೂಳು ಒರೆಸಿ, ಅದನ್ನೇ ಎಳೆದರು. ಬಣ್ಣದ ಗೋಡೆಯ ಮೇಲೆ ಬಿಳಿಯ ಪಟ್ಟಿ ಸಾಲಾಗಿ ಕೂತಿತು. ಚಂದ ಕಾಣುವುದಿಲ್ಲ, ಅಕ್ಕ ಹೇಳಿದ್ದು ಸರಿಯೇ ಇತ್ತು. ಸಾಮಾನು ಕಟ್ಟಿಕೊಳ್ಳುವಾಗ ಚಾಚಾ ಸ್ಟೂಲಿನ ಕಡೆ ನೋಡಿ, “ಇದು ಒಳಗ ಇಡ್ಲೇನ್ರಿ ಛೋಟಿ ಭಾಬಿ?” ಎಂದು ಕೇಳಿದರು. ಇರಲಿ ಅಂದೆ.

ಮರುದಿನ ಬೆಳಿಗ್ಗೆ ಪಡಸಾಲೆಯ ಮುಚ್ಚಳ ಎತ್ತಿ ಸೊಂಡಿಲು ಸಿಕ್ಕಿಸಿದೆ. ಕೂಗಲು ಉಸಿರು ಎಳೆದುಕೊಂಡು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಮಷೀನು ತಾನೇ ಚಾಲೂ ಆಯಿತು.

ಈಗ ಒಬ್ಬಳೇ ಎಲ್ಲ ಕೋಣೆ ಮುಗಿಸುತ್ತೇನೆ. ಮೊದಲಿಗಿಂತ ಬೇಗ ಆಗುತ್ತದೆ. ಮೂಲೆ ಬಿಡುವುದಿಲ್ಲ. ಗೋಡೆಯೊಳಗೆ ಕಾಳು ಓಡುವ ಸಪ್ಪಳ ಕೇಳುತ್ತದೆ, ಅದು ತೊಗರಿಯೋ ಸೋಯಾವೋ ನನಗೆ ತಿಳಿಯುವುದಿಲ್ಲ. ನಾನು ಕೂಗುವ ಅಗತ್ಯವಿಲ್ಲದೆ ಮನೆ ಮತ್ತೆ ಸದ್ದಿಲ್ಲದಾಗಿದೆ. ಮಷೀನಿಗೆ ಬೇಕಾದದ್ದೆಲ್ಲ ಈಗ ಇದೆ. ಎಬ್ಬಸ್ಲೇನ ತಂಗಿ ಎಂದು ಹಿತ್ತಲಿಂದ ಕೇಳುವವರು ಇಲ್ಲ.